ಲಾಭ ಅಂದರೆ ಯಾವುದು?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ಕೊಟ್ಟಿಗೆ ಗುಡಿಸಿ ಆಮೇಲೆ ಇಲ್ಲಿಗೆ ಬಂದು ಕೂತಿರುವ ತಾಯಂದಿರೇ, ಸದಸ್ಯ ಬಂಧುಗಳೇ,

ಇಷ್ಟು ವರ್ಷ ಈ ಸಂಘದ ಲೆಕ್ಕದ ಪುಸ್ತಕಗಳನ್ನು ಬರೆದವರು ನೀವು, ಲೆಕ್ಕದ ಬಗ್ಗೆಯೇ ನಾಲ್ಕು ಮಾತು ಆಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಹಬ್ಬದ ದಿನ ಲೆಕ್ಕ ಯಾರಿಗೆ ಬೇಕು ಅಂತ ನೀವು ಅಂದುಕೊಳ್ಳಬಹುದು. ಅದಕ್ಕೇ ನಾವು ಲೆಕ್ಕದಲ್ಲೇ ಎಲ್ಲರಿಗೂ ಇಷ್ಟವಾದ ಒಂದು ಮಾತನ್ನು ಆರಿಸಿಕೊಂಡಿದ್ದೇವೆ. ಅದು ಲಾಭ.

ನಮ್ಮ ಹಿರಿಯರು ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು ಅಂತ ಎಣಿಕೆ ಸಾಗುತ್ತಿತ್ತು. ಒಳ್ಳೆಯ ಮಾತಿನಿಂದ ಶುರುವಾಗಲಿ ಎಂಬ ಆಸೆ ಅದು. ಆದರೆ ಗಮನಿಸಿ, ಮೊದಲು ಲಾಭ ಅಂದರೂ ಅದು ನಿಜವಾಗಿ ಲಾಭವೋ ಅಲ್ಲವೋ ಅಂತ ಗೊತ್ತಾಗುತ್ತಿದ್ದದ್ದು ಕೊನೆಯ ಕೊಳಗ ಅಳೆದ ಮೇಲೆ. ಬಿತ್ತನೆಗೆ ಎತ್ತಿಟ್ಟು, ಆಳುಕಾಳಿಗೆ ಕೊಟ್ಟು, ಸಾಲಗಾರನಿಗೆ ಅಳೆದು, ಮನೆಯ ಹಗೇವಿಗೆ ಎಷ್ಟು ಬಂತು ಅಂತ ನೋಡಿದ ಮೇಲೆ. ಬಾಯಲ್ಲಿ ಹೇಳಿದ ಲಾಭ ಮೊದಲು, ಕೈಗೆ ಬಂದ ಲಾಭ ಕೊನೆಗೆ.

ಪ್ರತಿ ವರ್ಷ ನಮ್ಮ ಸರ್ವ ಸದಸ್ಯರ ಸಭೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, "ಈ ಸಾಲಿನಲ್ಲಿ ಲಾಭ ಎಷ್ಟು?" ಎರಡನೆಯ ಪ್ರಶ್ನೆ, "ಹಂಗಾದ್ರೆ ಬೋನಸ್ಸು ಎಷ್ಟು?" ಇವೆರಡರ ನಡುವೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ನಾವು ಯಾರೂ ಕೇಳುವುದಿಲ್ಲ. ಏನನ್ನು ಕಳೆದ ಮೇಲೆ ಉಳಿದ ಲಾಭ ಇದು? ಅದು ದಕ್ಕಿದೆಯಾ? ಅದು ಯಾರದು? ನಾಳೆಗೆ ಅದರಲ್ಲಿ ಎಷ್ಟು ಬಿಡಬೇಕು? ಈ ನಾಲ್ಕನ್ನೇ ಇವತ್ತು ಒಂದೊಂದಾಗಿ ನೋಡೋಣ.

ಏನನ್ನು ಕಳೆದ ಮೇಲೆ?

ಮನೆಯ ಹಸುವಿನಿಂದಲೇ ಶುರು ಮಾಡೋಣ. ಲೆಕ್ಕದ ಅನುಕೂಲಕ್ಕೆ ಒಂದು ಹಸು ದಿನಕ್ಕೆ 10 ಲೀಟರಿನಂತೆ 300 ದಿನ ಹಾಲು ಕೊಟ್ಟಿತು, ಲೀಟರಿಗೆ 35 ರೂಪಾಯಿ ಸಿಕ್ಕಿತು ಅಂತ ಹಿಡಿಯೋಣ. ವರ್ಷಕ್ಕೆ 1,05,000 ರೂಪಾಯಿ ಬಟವಾಡೆ ಆಯಿತು.

ಪಶು ಆಹಾರ, ಹಿಂಡಿ, ಬೂಸಾ ಸೇರಿ ದಿನಕ್ಕೆ 130 ರೂಪಾಯಿಯಂತೆ 365 ದಿನಕ್ಕೆ 47,450. ಔಷಧಿ, ವಿಮೆ, ಗರ್ಭಧಾರಣೆ ಅಂತ 5,000. ಜೇಬಿನಿಂದ ಹೋದದ್ದು ಒಟ್ಟು 52,450. ಉಳಿದದ್ದು 52,550. ಹಟ್ಟಿಯಲ್ಲಿ ನಾವು ಹೇಳಿಕೊಳ್ಳುವ ಲಾಭ ಇದು.

ಆದರೆ ಹಸುವಿಗೆ ಹಾಕಿದ ಹಸಿಮೇವು, ಹುಲ್ಲು? ನಮ್ಮ ಹೊಲದ್ದೇ ಅಲ್ಲವಾ ಅಂತೀವಿ. ಮಾರಿದ್ದರೆ ದುಡ್ಡು ಬರುತ್ತಿತ್ತು. ದಿನಕ್ಕೆ 40 ರೂಪಾಯಿ ಹಿಡಿದರೆ 14,600. ಲಾಭ 37,950ಕ್ಕೆ ಇಳಿಯಿತು.

ಇನ್ನು ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಮೇವು ಕೊಯ್ದು, ನೀರು ಕುಡಿಸಿ, ಸಂಜೆ ಮತ್ತೆ ಅದನ್ನೇ ಮಾಡಿದವರ ಕೂಲಿ? ದಿನಕ್ಕೆ ಮೂರು ಗಂಟೆ, ಗಂಟೆಗೆ 40 ರೂಪಾಯಿ ಅಂದರೂ ವರ್ಷಕ್ಕೆ 43,800. ಈಗ ಲಾಭ ಹೋಗಿ 5,850 ರೂಪಾಯಿ ನಷ್ಟ ಬಂತು. ಗೊಬ್ಬರ ಮತ್ತು ಕರುವಿನ ಬಾಬ್ತು 10,000 ಸೇರಿಸಿದರೆ ಮತ್ತೆ 4,150 ರೂಪಾಯಿ ಲಾಭ.

ಒಂದೇ ಹಸು. ಒಂದೇ ವರ್ಷ. ಒಂದು ಲೆಕ್ಕದಲ್ಲಿ 52,550 ಲಾಭ, ಇನ್ನೊಂದರಲ್ಲಿ 4,150. ಯಾವುದೂ ಸುಳ್ಳಲ್ಲ. ಏನನ್ನು ಕಳೆದೆವು ಅನ್ನುವುದರ ಮೇಲೆ ಲಾಭದ ಅರ್ಥ ಬದಲಾಯಿತು ಅಷ್ಟೇ. ಹಾಗಾದರೆ ಹಸು ಮಾರಿಬಿಡೋಣವಾ? ಬೇಡ. ಆ 43,800 ರೂಪಾಯಿ ಕೂಲಿ ಹೊರಗಿನವರ ಪಾಲಾಗಿಲ್ಲ, ಮನೆಯಲ್ಲೇ ಉಳಿದಿದೆ. ಆದರೆ ಅದನ್ನು ಹಸುವಿನ ಲಾಭ ಅನ್ನಬಾರದು. ಅದು ಮನೆಯ ಹೆಣ್ಣುಮಕ್ಕಳ ದುಡಿಮೆ. ಬಟವಾಡೆ ಪುಸ್ತಕದಲ್ಲಿ ಗಂಡಸರ ಹೆಸರಿದ್ದರೂ ಆ ಮೂರು ಗಂಟೆ ಯಾರದು ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು.

ಬೆಂಬಲ ಬೆಲೆಯ ಜಗಳವೂ ಇದೇ ಜಗಳ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಖರ್ಚನ್ನು ಬೇರೆ ಬೇರೆ ರೀತಿ ಲೆಕ್ಕ ಹಾಕುತ್ತದೆ. ರೈತ ನಿಜವಾಗಿ ಹಾಕಿದ ಖರ್ಚಿಗೆ 'ಎ2' ಅನ್ನುತ್ತಾರೆ. ಅದಕ್ಕೆ ಮನೆಯವರ ದುಡಿಮೆ ಸೇರಿಸಿದರೆ 'ಎ2 ಪ್ಲಸ್ ಎಫ್‌ಎಲ್'. ಸ್ವಂತ ಜಮೀನಿನ ಗುತ್ತಿಗೆ ಬೆಲೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ 'ಸಿ2'. ಎಂ.ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ಕೊನೆಯ ವರದಿ ಕೊಟ್ಟಿತು. ಬೆಂಬಲ ಬೆಲೆ ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ಶೇಕಡಾ 50 ಹೆಚ್ಚಿರಬೇಕು ಎಂದು ಆ ಆಯೋಗ ಹೇಳಿತ್ತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದೂವರೆ ಪಟ್ಟು ಕೊಡುತ್ತೇವೆ ಎಂದಿತು. ಆದರೆ ಯಾವ ಖರ್ಚಿನ ಒಂದೂವರೆ ಪಟ್ಟು? ಸರ್ಕಾರ ಹಿಡಿದದ್ದು ಎ2 ಪ್ಲಸ್ ಎಫ್‌ಎಲ್. ರೈತ ಸಂಘಟನೆಗಳು ಕೇಳುವುದು ಸಿ2. ಕಳೆಯುವ ಪಟ್ಟಿ ಬೇರೆಯಾದ ಕೂಡಲೇ ಲಾಭವೂ ಬೇರೆ. ಹಾಲು ಅಂತೂ ಆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಹಾಲಿನ ಖರ್ಚಿನ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು.

ಸಂಘದಲ್ಲಿ ಕಳೆಯಲು ಮರೆಯುವ ಬಾಬ್ತು ಸವಕಳಿ. ಹಾಲು ಪರೀಕ್ಷೆಯ ಯಂತ್ರಕ್ಕೆ 60,000 ರೂಪಾಯಿ ಕೊಟ್ಟೆವು, ಹತ್ತು ವರ್ಷ ಬಾಳುತ್ತದೆ ಅಂದರೆ ವರ್ಷಕ್ಕೆ 6,000 ರೂಪಾಯಿಯ ಯಂತ್ರ ಸವೆಯುತ್ತದೆ. ಯಾರೂ ಬಂದು ಆ 6,000 ಕೇಳುವುದಿಲ್ಲ, ಅದಕ್ಕೆ ರಸೀತಿಯೂ ಇಲ್ಲ. ಅದನ್ನು ಖರ್ಚು ಬರೆಯದಿದ್ದರೆ ಲಾಭ 6,000 ಹೆಚ್ಚು ಕಾಣುತ್ತದೆ. ಎಲ್ಲರಿಗೂ ಸಂತೋಷ. ಹತ್ತನೆಯ ವರ್ಷ ಯಂತ್ರ ಕೆಟ್ಟು ಕೂತಾಗ ಗೊತ್ತಾಗುತ್ತದೆ, ನಾವು ಹಂಚಿಕೊಂಡು ತಿಂದದ್ದು ಯಂತ್ರವನ್ನು ಅಂತ.

ದಕ್ಕಿದೆಯಾ?

ನಮ್ಮ ಭಾಷೆಯಲ್ಲಿ 'ದಕ್ಕುವುದು' ಎಂಬ ಒಳ್ಳೆಯ ಮಾತಿದೆ. ಕರು ಹುಟ್ಟಿತು ಅನ್ನುವುದು ಬೇರೆ, ಕರು ದಕ್ಕಿತು ಅನ್ನುವುದು ಬೇರೆ. ಲೆಕ್ಕಶಾಸ್ತ್ರದವರು ಇದನ್ನೇ ಕೈಗೆ ಬಂದ ಲಾಭ, ಕೈಗೆ ಬಾರದ ಲಾಭ ಎಂದು ಎರಡು ಮಾಡುತ್ತಾರೆ. ಬರಬಹುದಾದ ನಷ್ಟವನ್ನು ಮೊದಲೇ ಬರೆದುಕೊ, ಬರಬಹುದಾದ ಲಾಭವನ್ನು ಬಂದ ಮೇಲೆ ಬರೆ ಅನ್ನುವುದು ಲೆಕ್ಕ ಬರೆಯುವವರ ಹಳೆಯ ನೀತಿ.

ಈ ನೀತಿಯನ್ನು ನಾವೇ ಒಮ್ಮೆ ಮರೆತಿದ್ದೆವು. ಹಬ್ಬದ ದಿನ ಹೇಳಬಾರದು ಅನ್ನಬೇಡಿ, ಹೇಳಲೇಬೇಕು. 2003ರ ಮಾತು, ಬರಗಾಲದ ಹೊತ್ತು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದಾಗ 48,600 ರೂಪಾಯಿ ನಿವ್ವಳ ಲಾಭ ಬಂತು. ಸಂಘ ಚಿಕ್ಕದು, ಹೊಸದು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ಆದರೆ ಸದಸ್ಯರಿಗೆ ಉದ್ರಿ ಕೊಟ್ಟ ಪಶು ಆಹಾರದ 31,000 ರೂಪಾಯಿ ಬಾಕಿ ನಿಂತಿತ್ತು. ಬಂದೇ ಬರುತ್ತದೆ, ಬಟವಾಡೆಯಲ್ಲಿ ಹಿಡಿದುಕೊಂಡರಾಯಿತು ಅಂತ ಅದರ ಬಗ್ಗೆ ಯೋಚಿಸಲಿಲ್ಲ. ಬೋನಸ್ಸು ಹಂಚಿದೆವು.

ಆ ಬೇಸಿಗೆಯಲ್ಲಿ ಮೇವಿಲ್ಲದೆ ಹಲವರು ಹಸು ಮಾರಿದರು. ಹಾಲೇ ಹಾಕದವರ ಬಟವಾಡೆಯಲ್ಲಿ ಹಿಡಿಯುವುದೇನನ್ನು? ಅತ್ತ ಒಕ್ಕೂಟದವರು ಪಶು ಆಹಾರದ ಹಣವನ್ನು ನಮ್ಮ ಹಾಲಿನ ಬಿಲ್ಲಿನಲ್ಲಿ ಮುರಿದುಕೊಂಡರು. ನ್ಯಾಯವೇ, ಆಹಾರ ತಂದವರು ನಾವು. ಇತ್ತ ಬೋನಸ್ಸು ಹಂಚಿ ಪೆಟ್ಟಿಗೆ ಖಾಲಿ. ಎರಡು ಬಟವಾಡೆ ತಡವಾಯಿತು. ಒಬ್ಬ ತಾಯಿ ಕೌಂಟರಿನ ಮುಂದೆ ನಿಂತು ಕೇಳಿದರು, "ಲಾಭ ಬಂದೈತೆ ಅಂತ ಸಭೇಲಿ ಹೇಳಿದ್ರಲ್ಲಪ್ಪ, ನನ್ನ ಹಾಲಿನ ದುಡ್ಡು ಎಲ್ಲಿ?" ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲಿ ಕೂಡಿದ್ದು ತಪ್ಪಾಗಿರಲಿಲ್ಲ. ಲಾಭ ಹುಟ್ಟಿತ್ತು, ದಕ್ಕಿರಲಿಲ್ಲ.

ಆ ಬಾಕಿಯಲ್ಲಿ ಸ್ವಲ್ಪ ಮುಂದೆ ವಸೂಲಾಯಿತು, ಸ್ವಲ್ಪ ಮುಳುಗಿತು. ಮುಂದಿನ ಸಾಲಿನಿಂದ ಸಂದೇಹದ ಬಾಕಿಗೆ ಲಾಭದಲ್ಲಿ ಮೊದಲೇ ಒಂದು ಪಾಲು ಎತ್ತಿಡುವ ಪದ್ಧತಿ ಮಾಡಿದೆವು. ಇವತ್ತು ಸಭೆಯಲ್ಲಿ ಲಾಭ ಸ್ವಲ್ಪ ಕಡಿಮೆ ಕಂಡರೆ ಅದಕ್ಕೆ ಕಾರಣ ಆ ತಾಯಿಯ ಪ್ರಶ್ನೆ.

ಇಲ್ಲಿ ನಮ್ಮ ಮೈಕ್ ಸೆಟ್ಟಿನವರ ಒಂದು ಮಾತು ಹೇಳಬೇಕು. ಅವರ ಪೆಟ್ಟಿಗೆಯಲ್ಲೂ 'ಗೇನ್' ಎಂಬ ತಿರುಪು ಇದೆ. ಗೇನ್ ಅಂದರೆ ಇಂಗ್ಲಿಷಿನಲ್ಲಿ ಲಾಭ, ಗಳಿಕೆ, ಹೆಚ್ಚಳ ಎಲ್ಲವೂ ಹೌದು. ಒಳಗೆ ಹೋದ ದನಿ ಎಷ್ಟು ಪಟ್ಟು ದೊಡ್ಡದಾಗಿ ಹೊರಗೆ ಬಂತು ಅನ್ನುವುದು ಅವರ ಗೇನು. ಆದರೆ ಪೆಟ್ಟಿಗೆ ತಾನೇ ಏನನ್ನೂ ಹುಟ್ಟಿಸುವುದಿಲ್ಲ. ಹೆಚ್ಚಾದ ಶಕ್ತಿಯೆಲ್ಲ ಕರೆಂಟಿನದು. ಕರೆಂಟು ಹೋದರೆ ಗೇನೂ ಹೋಯಿತು. ಇನ್ನೊಂದು, ಆ ತಿರುಪನ್ನು ಅತಿಯಾಗಿ ತಿರುಗಿಸಿದರೆ ಸ್ಪೀಕರಿನ ದನಿ ಮತ್ತೆ ಮೈಕಿನೊಳಗೆ ಹೊಕ್ಕು, ಮತ್ತೆ ದೊಡ್ಡದಾಗಿ, ಕೊನೆಗೆ 'ಕುಂಯ್' ಅಂತ ಕಿರುಚುತ್ತದೆ. ಭಾಷಣ ಕೇಳಿಸುವುದಿಲ್ಲ, ಕಿರುಚಾಟ ಮಾತ್ರ. ಉದ್ರಿ ಕೊಟ್ಟು ವ್ಯಾಪಾರ ಹೆಚ್ಚಿಸುವುದು, ಆ ವ್ಯಾಪಾರವನ್ನು ಲಾಭ ಅಂತ ತೋರಿಸುವುದು, ಆ ಲಾಭದ ಧೈರ್ಯದ ಮೇಲೆ ಇನ್ನಷ್ಟು ಉದ್ರಿ ಕೊಡುವುದು. 2003ರಲ್ಲಿ ನಮ್ಮ ಸಂಘದಲ್ಲಿ ಕೇಳಿದ್ದು ಆ 'ಕುಂಯ್' ಸದ್ದೇ.

ದಕ್ಕದ ಲಾಭದ ಇನ್ನೊಂದು ಬಗೆ ಜಾಗದ ಬೆಲೆ. ಸಂಘದ ಈ ನಿವೇಶನವನ್ನು ಕೊಂಡಾಗಿನ ಬೆಲೆಯೇ ಇಂದಿಗೂ ಆಸ್ತಿ-ಜವಾಬ್ದಾರಿ ತಃಖ್ತೆಯಲ್ಲಿದೆ. ಇವತ್ತಿನ ದರ ಹಾಕಿದರೆ ಸಂಘ ಲಕ್ಷಾಧಿಪತಿ ಅಂತ ಕೆಲವರು ಹೇಳುತ್ತಾರೆ. ಹೌದು, ಬೆಲೆ ಏರಿದೆ. ಆದರೆ ಮಾರಿದರೆ ಹಾಲು ಹಿಡಿಯುವುದು ಎಲ್ಲಿ? ಮಾರದ ಆಸ್ತಿಯ ಬೆಲೆ ಏರಿದರೆ ಅದು ಸಂತೋಷದ ಸುದ್ದಿ, ಹಂಚುವ ಲಾಭವಲ್ಲ. ಹೋದ ಸಾರಿ ಹಳೆಯ ಕ್ಯಾನು, ಸಾಮಾನು ಹರಾಜು ಹಾಕಿದಾಗ ಪುಸ್ತಕದ ಬೆಲೆಗಿಂತ ಹೆಚ್ಚು ಬಂತು. ಅದು ದಕ್ಕಿದ ಲಾಭವೇ ಸರಿ, ಆದರೆ ಒಂದು ಸಾರಿಯ ಲಾಭ. ಮುಂದಿನ ವರ್ಷ ಮಾರಲು ಹಳೆಯ ಕ್ಯಾನು ಇರುವುದಿಲ್ಲ. ಹಾಲಿನ ವ್ಯಾಪಾರದ ಲಾಭದ ಜೊತೆ ಅದನ್ನು ಕಲಸಬಾರದು ಅಂತ ಬೇರೆ ಸಾಲಿನಲ್ಲಿ ಬರೆಯುತ್ತೇವೆ.

ಆದಾಯ ತೆರಿಗೆಯವರೂ ಆಸ್ತಿ ಮಾರಿದ ಲಾಭವನ್ನು ಬೇರೆಯಾಗಿಯೇ ನೋಡುತ್ತಾರೆ. ಹಳ್ಳಿಯ ಕೃಷಿ ಜಮೀನು ಆ ಕಾನೂನಿನ ಪ್ರಕಾರ ಬಂಡವಾಳ ಆಸ್ತಿಯಲ್ಲ, ಆದ್ದರಿಂದ ಅದನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಆದರೆ ಊರು ಪಟ್ಟಣದ ಹತ್ತಿರವಿದ್ದರೆ ಮಾತು ಬೇರೆ. ಪಟ್ಟಣದ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ ಅದರ ಗಡಿಯಿಂದ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದವರೆಗೆ 6 ಕಿಲೋಮೀಟರ್, ಅದಕ್ಕೂ ಮೀರಿದರೆ 8 ಕಿಲೋಮೀಟರ್ ಒಳಗಿನ ಜಮೀನು ಈ ವಿನಾಯಿತಿಗೆ ಸೇರುವುದಿಲ್ಲ. ರಸ್ತೆ ಬದಿಯ ಜಮೀನು ಮಾರುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ತೆರಿಗೆ ಇರಲಿ ಬಿಡಲಿ, ನಮ್ಮ ಮನಸ್ಸಿಗೆ ನಾವು ಹೇಳಿಕೊಳ್ಳಬೇಕಾದ ಮಾತೊಂದಿದೆ. ಜಮೀನು ಮಾರಿ ಬಂದ ಹಣ ಆ ವರ್ಷದ ಬೆಳೆಯಲ್ಲ. ಮೂಲವನ್ನೇ ತಿಂದು ಲಾಭ ತಿಂದೆ ಅಂದುಕೊಂಡವರ ಮನೆಗಳನ್ನು ನಾವೆಲ್ಲ ನೋಡಿದ್ದೇವೆ.

ಯಾರದು?

ಹಾಲಿಗೆ ನೀರಿಗಿಂತ ತೂಕ ಜಾಸ್ತಿ. ಒಂದು ಲೀಟರ್ ಹಾಲು ಸುಮಾರು 1 ಕಿಲೋ 30 ಗ್ರಾಂ ತೂಗುತ್ತದೆ. ಸದಸ್ಯರಿಂದ ಲೀಟರಿನಲ್ಲಿ ಅಳೆದುಕೊಂಡು, ಮುಂದಕ್ಕೆ ಕಿಲೋದಲ್ಲಿ ತೂಗಿ ಕೊಟ್ಟು, ಎರಡಕ್ಕೂ ಒಂದೇ ದರ ಹಿಡಿದರೆ ಏನಾಗುತ್ತದೆ? 500 ಲೀಟರ್ ಹಾಲು 515 ಕಿಲೋ ಆಗುತ್ತದೆ. ದಿನಕ್ಕೆ 15 ಕಿಲೋ ಲಾಭ! ಯಾರೂ ನೀರು ಬೆರೆಸಿಲ್ಲ, ಯಾರೂ ಕದ್ದಿಲ್ಲ. ಆದರೂ ಆ 15 ಕಿಲೋ ಎಲ್ಲಿಂದ ಬಂತು? ನಿಮ್ಮ ಕ್ಯಾನಿನಿಂದ. ಅಳತೆ ಬದಲಾದದ್ದರಿಂದ ಕಂಡ ಲಾಭ ಸಂಘದ ಜಾಣತನವಲ್ಲ, ಸದಸ್ಯರ ಹಾಲು. ಒಬ್ಬರ ಲಾಭದ ಸಾಲಿಗೆ ಎದುರಾಗಿ ಇನ್ನೊಬ್ಬರ ಸಾಲಿನಲ್ಲಿ ಏನು ಬರೆದಿದೆ ಅಂತ ನೋಡುವುದೇ ಜಮಾ-ಖರ್ಚಿನ ಮರ್ಮ. ಇಟಲಿಯ ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಈ ಎರಡು ಕಡೆ ಬರೆಯುವ ಪದ್ಧತಿಯನ್ನು ವಿವರಿಸಿದ. ಇಂದಿಗೂ ನಮ್ಮ ಸಂಘದ ಖಾತೆ ಪುಸ್ತಕ ನಡೆಯುವುದು ಅದೇ ರೀತಿ.

ಸಹಕಾರ ಚಳವಳಿ ಹುಟ್ಟಿದ್ದೇ 'ಲಾಭ ಯಾರದು' ಎಂಬ ಪ್ರಶ್ನೆಯಿಂದ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ ನೇಕಾರರೇ ಹೆಚ್ಚಾಗಿದ್ದ 28 ಜನ ಸೇರಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಸಾಮಾನು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ಉಳಿದ ಹಣವನ್ನು ಹಂಚುವಾಗ ಯಾರ ಷೇರು ಎಷ್ಟು ಅಂತ ಮಾತ್ರ ನೋಡಲಿಲ್ಲ, ಯಾರು ಎಷ್ಟು ಸಾಮಾನು ಕೊಂಡರು ಅಂತ ನೋಡಿ ಅದರ ಪ್ರಕಾರ ಕೊಟ್ಟರು. ಅಂದರೆ, ಈ ಲಾಭ ನಿಮ್ಮಿಂದಲೇ ಸ್ವಲ್ಪ ಹೆಚ್ಚಾಗಿ ಪಡೆದ ಹಣ, ಅದನ್ನು ನಿಮಗೇ ಹಿಂತಿರುಗಿಸುತ್ತಿದ್ದೇವೆ ಅಂತ ಅರ್ಥ. ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘವೂ ರೈತನ ದುಡಿಮೆಯ ಫಲ ರೈತನ ಊರಿನಲ್ಲೇ ಉಳಿಯಲಿ ಅಂತ ಹುಟ್ಟಿದ್ದು.

ನಮ್ಮಲ್ಲಿ ಬೋನಸ್ಸನ್ನು ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಕೊಡುವುದು ಅದೇ ತತ್ವದ ಮೇಲೆ. ಬೋನಸ್ಸು ಸಂಘ ಕೊಡುವ ಇನಾಮಲ್ಲ. ಅದು ನಿಮ್ಮ ಹಾಲಿನ ದರದಲ್ಲೇ ಉಳಿದಿದ್ದ ಬಾಕಿ. ಹಾಗಾಗಿ ಅದನ್ನು ಕೇಳುವ ಹಕ್ಕು ನಿಮಗಿದೆ. ಅದರ ಜೊತೆಗೆ, ನೀವು ಹಾಕಿದ ಹಾಲು ಚೆನ್ನಾಗಿಲ್ಲದೆ ಒಂದು ಕ್ಯಾನು ಒಡೆದು ವಾಪಸು ಬಂದರೆ ಆ ನಷ್ಟವೂ ನಿಮ್ಮದೇ. ಲಾಭ ನಮ್ಮದು, ನಷ್ಟ ಕಾರ್ಯದರ್ಶಿಯದು ಅಂತ ಬೈಲಾದಲ್ಲಿ ಎಲ್ಲೂ ಬರೆದಿಲ್ಲ!

ನಾಳೆಗೆ ಎಷ್ಟು?

ಕೊನೆಯ ಪ್ರಶ್ನೆ. ಕರು ಹುಟ್ಟಿದಾಗ ಸುಮಾರು 30 ಕಿಲೋ ಇರುತ್ತದೆ ಅಂದುಕೊಳ್ಳಿ. ಮೈತೂಕದ ಹತ್ತನೇ ಒಂದು ಪಾಲು ಹಾಲು ಅದಕ್ಕೆ ಬೇಕು ಅಂತ ಪಶುವೈದ್ಯರು ಹೇಳುತ್ತಾರೆ. ದಿನಕ್ಕೆ 3 ಲೀಟರ್. ಡೇರಿಗೆ ಹಾಕಿದರೆ 105 ರೂಪಾಯಿ. ಕರುವಿಗೆ ಬಿಡದೆ ಎಲ್ಲ ಕರೆದುಕೊಂಡರೆ ಈ ತಿಂಗಳ ಬಟವಾಡೆ ಜೋರಾಗಿ ಬರುತ್ತದೆ. ಆದರೆ ಕರು ಬಡಕಲಾಗುತ್ತದೆ. ಮಿಶ್ರತಳಿಯ ಕಡಸು ಸುಮಾರು 250 ಕಿಲೋ ತೂಕಕ್ಕೆ ಬಂದರೆ ಗರ್ಭ ಕಟ್ಟಿಸಬಹುದು. ಬಡಕಲು ಕರು ಆ ತೂಕಕ್ಕೆ ಬರುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಪಶುವೈದ್ಯರ ಪುಸ್ತಕದಲ್ಲಿ ಕರುವಿನ ಮೈತೂಕದ ಹೆಚ್ಚಳವೇ ಗಳಿಕೆ. ಬಟವಾಡೆ ಚೀಟಿಯಲ್ಲಿ ಆ ಗಳಿಕೆ ಕಾಣುವುದಿಲ್ಲ. ಮೂರು ವರ್ಷದ ನಂತರ ಕೊಟ್ಟಿಗೆಯಲ್ಲಿ ಕಾಣುತ್ತದೆ.

ಸಂಘದ ಕಾದಿಟ್ಟ ನಿಧಿಯೂ ಹಾಗೇ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 57ನೇ ಪ್ರಕರಣದ ಪ್ರಕಾರ ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆ ಇಲ್ಲದಂತೆ ಆ ನಿಧಿಗೆ ಹಾಕಬೇಕು. "ನಮ್ಮ ದುಡ್ಡು ಹಂಚೋದು ಬಿಟ್ಟು ಅಲ್ಲಿ ಯಾಕೆ ಇಡ್ತೀರಿ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನೂರಕ್ಕೆ ಇಪ್ಪತ್ತೈದು ಅಂದರೆ ನಾಲ್ಕರಲ್ಲಿ ಒಂದು. ಹಸುವಿಗೆ ನಾಲ್ಕು ಮೊಲೆ. ಮೂರನ್ನು ಕರೆದುಕೊಂಡು ಒಂದನ್ನು ಕರುವಿಗೆ ಬಿಡು ಅಂತ ನಮ್ಮ ಮನೆಯ ಅಜ್ಜಿಯರು ಹೇಳುತ್ತಿದ್ದರು. ಕಾಯ್ದೆ ಮಾಡಿದವರು ಹಾಲು ಕರೆದಿದ್ದರೋ ಇಲ್ಲವೋ, ಅಜ್ಜಿಯ ಲೆಕ್ಕ ಮತ್ತು ಕಾಯ್ದೆಯ ಲೆಕ್ಕ ಒಂದೇ ಆಗಿದೆ.

ಬಂಧುಗಳೇ, ಮುಂದಿನ ಸರ್ವ ಸದಸ್ಯರ ಸಭೆಯ ನೋಟೀಸು ಬಂದಾಗ ಅದರ ಜೊತೆಗೆ ಬರುವ ಲಾಭ-ನಷ್ಟದ ತಃಖ್ತೆಯನ್ನು ಮಡಚಿ ಮಾಡಿಗೆ ಸಿಕ್ಕಿಸಬೇಡಿ. ಓದಲು ಬಾರದವರು ಶಾಲೆಗೆ ಹೋಗುವ ಮೊಮ್ಮಕ್ಕಳ ಕೈಲಿ ಓದಿಸಿ. ಸಭೆಗೆ ಬಂದು ಕೇಳಿ. ಏನೇನು ಕಳೆದಿರಿ? ಬಾಕಿಯಲ್ಲಿ ದಕ್ಕುವುದು ಎಷ್ಟು, ಮುಳುಗುವುದು ಎಷ್ಟು? ಅಳತೆಯಲ್ಲಿ ಹೆಚ್ಚು ಬಂದದ್ದು ಎಲ್ಲಿ ಹೋಯಿತು? ಕರುವಿನ ಪಾಲು ಬಿಟ್ಟಿದ್ದೀರಾ? ಕೇಳಿದರೆ ಕಾರ್ಯದರ್ಶಿಗೆ ಕೋಪ ಬರುತ್ತದೆ ಅಂತ ಹೆದರಬೇಡಿ. 2003ರಲ್ಲಿ ಹಣ ಹಂಚುವ ಮೊದಲೇ ಒಬ್ಬರು ಹೀಗೆ ಕೇಳಿದ್ದರೆ ಎರಡು ಬಟವಾಡೆ ತಡವಾಗುತ್ತಿರಲಿಲ್ಲ.

ಕಣದಲ್ಲಿ ಮೊದಲ ಕೊಳಗಕ್ಕೆ ಲಾಭ ಅಂದರು ನಮ್ಮ ಹಿರಿಯರು. ನಾವು ಕೊನೆಯ ಕೊಳಗದವರೆಗೂ ನಿಂತು ಎಣಿಸೋಣ. ಸಂಜೆಯ ಹಾಲು ಕರೆಯುವ ಹೊತ್ತಾಗುತ್ತಾ ಬಂದದ್ದರಿಂದ ಮಾತು ಮುಗಿಸುತ್ತೇವೆ.